ಮೈನಸ್ ಮೂರಕ್ಕೆ ಸೋಲು

ಅಕ್ಟೋಬರ್ 7, ಸೋಮವಾರ

ಮತ್ತೆ ಅದೇ ಮೀಟಿಂಗ್. ಮ್ಯಾನೇಜರ್ ಬೋರ್ಡಿನ ಮೇಲೆ ಬರೆದದ್ದು ಒಂದೇ ಸಾಲು: ಸೋತವರು ಆ್ಯಪ್ ಡಿಲೀಟ್ ಮಾಡುತ್ತಾರೆ. ಅದಕ್ಕೇ ನಮ್ಮ ಚೆಸ್ ಪ್ರೋಗ್ರಾಂ ಇನ್ನೂ ಬೇಗ ಸೋಲಬೇಕಂತೆ.

ಈಗಿರುವ ಲೆಕ್ಕ ನಾನೇ ಬರೆದದ್ದು. ಪ್ರತಿ ನಡೆಗೂ ಪ್ರೋಗ್ರಾಂ ತನ್ನ ಸ್ಥಿತಿಗೆ ತಾನೇ ಅಂಕ ಹಾಕಿಕೊಳ್ಳುತ್ತದೆ. ಒಂದು ಕಾಲಾಳು ಕಡಿಮೆಯಿದ್ದರೆ ಮೈನಸ್ ಒಂದು. ಕುದುರೆ ಹೋದರೆ ಮೈನಸ್ ಮೂರು. ರಾಣಿಯೇ ಹೋದರೆ ಮೈನಸ್ ಒಂಬತ್ತು. ಆ ಒಂಬತ್ತರ ಕೆಳಗೆ ಸತತ ಐದು ನಡೆ ನರಳಿದ ಮೇಲೆಯೇ ಸೋಲೊಪ್ಪಿಕೊಳ್ಳಬೇಕು. ಡ್ರಾ ಕೇಳಿದರೆ, ಅಂಕ ಹತ್ತು ನಡೆ ಸೊನ್ನೆಯ ಆಸುಪಾಸಿನಲ್ಲೇ ನಿಂತಿರಬೇಕು. ಮಾನ ಮರ್ಯಾದೆ ಇರುವ ಲೆಕ್ಕ.

"ಮೈನಸ್ ಮೂರು ಮಾಡಿ. ಒಂದೇ ನಡೆ ಸಾಕು. ಡ್ರಾ ಕೇಳಿದ್ರೆ ಕಣ್ಮುಚ್ಚಿ ಕೊಟ್ಬಿಡಿ."

"ಮೈನಸ್ ಮೂರರಲ್ಲಿ ಇನ್ನೂ ಅರ್ಧ ಆಟ ಬಾಕಿ ಇರುತ್ತೆ ಸರ್. ಮುಗಿಸೋದು ಹೇಗೆ ಅಂತ ಆಡೋರು ಕಲಿಯೋದೇ ಇಲ್ಲ."

"ನಮ್ದೇನು ಸ್ಕೂಲಾ ಅಮ್ಮ?"

ಅಮ್ಮನಂತೆ! ನನಗಿಂತ ಆರೇ ವರ್ಷ ಚಿಕ್ಕವನು. ಮೈಯೆಲ್ಲ ಉರಿಯಿತು.

ಅಕ್ಟೋಬರ್ 9, ಬುಧವಾರ

ಬರೆದುಕೊಟ್ಟೆ. ಮೂರು ನಿಮಿಷದ ಕೆಲಸ. ಆಮೇಲೆ ಹೋಗಿ ಕೈ ತೊಳೆದುಕೊಂಡೆ — ನಿಜವಾಗಿಯೂ, ಸೋಪು ಹಾಕಿ.

ಮನೆಗೆ ಬಂದರೆ ಅತ್ತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿಟಿ ಮೇಡಂ ಆಗಿದ್ದವರು, ರಿಟೈರಾಗಿ ನಾಲ್ಕು ತಿಂಗಳು. ಸೀಟಿ ಊದಲು ಈಗ ನಾನೊಬ್ಬಳೇ ಸಿಕ್ಕಿದ್ದೇನೆ.

"ನಿನ್ನ ಆ ಚೆಸ್ಸನ್ನಾದ್ರೂ ಹಾಕ್ಕೊಡೇ. ಕೂತೂ ಕೂತೂ ಕಾಲು ಜೋಮು ಹಿಡೀತು."

ಟ್ಯಾಬ್‌ಗೆ ಹಾಕಿಕೊಟ್ಟೆ. ನನಗೂ ಸ್ವಲ್ಪ ಉಸಿರಾಡಲು ಬಿಡುವು ಸಿಗಲಿ.

ನವೆಂಬರ್ 2, ಶನಿವಾರ

ಅತ್ತೆ ಇವತ್ತು ಹನ್ನೊಂದು ಆಟ ಗೆದ್ದರು.

"ನಿನ್ ಕಂಪ್ಯೂಟರಿಗೆ ದಮ್ಮೇ ಇಲ್ಲ ಕಣೇ. ಒಂದು ಕುದುರೆ ಹೊಡೆದ್ರೆ ಸಾಕು, ಶರಣು ಅನ್ನುತ್ತೆ."

ನಿಜ ನಾಲಿಗೆಯ ತುದಿಗೆ ಬಂತು. ನಮ್ಮೆಜಮಾನರು ಕಣ್ಸನ್ನೆ ಮಾಡಿದರು. ಆಮೇಲೆ ಅಡುಗೆಮನೆಯಲ್ಲಿ — "ಅಮ್ಮ ಖುಷಿಯಾಗಿದಾಳಲ್ಲ, ಬಿಡು." ಬಿಟ್ಟೆ.

ಫೆಬ್ರವರಿ 28, ಶುಕ್ರವಾರ

ನಾನೂರ ಹನ್ನೆರಡು ಗೆಲುವು. ಅತ್ತೆ ಚೆಸ್ ಕ್ಲಬ್ಬಿನ ಟೂರ್ನಮೆಂಟಿಗೆ ಹೆಸರು ಕೊಟ್ಟು ಬಂದಿದ್ದಾರೆ. ಎರಡು ಭಾನುವಾರ, ಮೂರು ಮೂರು ಸುತ್ತು.

ಹೇಳಿಬಿಡಬೇಕೆಂದು ಅವರ ರೂಮಿನ ಬಾಗಿಲವರೆಗೆ ಹೋದೆ. ಬಿಳಿ ಕ್ಯಾನ್ವಾಸ್ ಶೂಗೆ ಪಾಲಿಶ್ ಬಳಿಯುತ್ತಿದ್ದರು, ಸ್ಪೋರ್ಟ್ಸ್ ಡೇ ಹಿಂದಿನ ದಿನದ ಹಾಗೆ. ವಾಪಸ್ ಬಂದೆ. ಹೇಡಿ ನಾನು.

ಮಾರ್ಚ್ 2, ಭಾನುವಾರ, ಸಂಜೆ 5

ಬರೆಯಲೇಬೇಕು.

ಎರಡು ಆಟ ಸೋತರು. ಪರವಾಗಿಲ್ಲ. ಮೂರನೆಯದು ಒಂದು ಪುಟಾಣಿ ಹುಡುಗಿಯ ಜೊತೆ, ಮುಂದಿನ ಎರಡು ಹಲ್ಲು ಬಿದ್ದಿದೆ. ಅತ್ತೆ ಚೆನ್ನಾಗಿ ಆಡಿದರು. ಕೊನೆಗೆ ಅತ್ತೆಗೆ ರಾಜ, ರಾಣಿ. ಆ ಹುಡುಗಿಗೆ ಒಂಟಿ ರಾಜ. ಅತ್ತೆ ಕೈಕಟ್ಟಿ ಕೂತರು. ಗಡಿಯಾರ ಓಡುತ್ತಿತ್ತು.

"ಮುಗೀತಲ್ಲ ಪುಟ್ಟಿ. ಸೋತೆ ಅನ್ನು."

"ಇಲ್ಲ ಅಜ್ಜಿ. ಮೇಟ್ ಮಾಡಿ."

ಅತ್ತೆ ನನ್ನ ಕಡೆ ನೋಡಿದರು. ಮೇಟ್ ಮಾಡುವುದು, ಅಂದರೆ ಚೆಕ್ ಕೊಟ್ಟು ರಾಜನನ್ನು ಕಟ್ಟಿಹಾಕುವುದು, ಅವರಿಗೆ ಗೊತ್ತಿಲ್ಲ. ನಾನೂರ ಹನ್ನೆರಡು ಗೆಲುವಿನಲ್ಲಿ ಒಂದೇ ಒಂದು ಸಲ ಮೇಟ್ ಮಾಡಿಲ್ಲ. ರಾಣಿಯನ್ನು ಹಿಡಿದು ಆ ರಾಜನನ್ನು ಬೋರ್ಡ್ ತುಂಬ ಅಟ್ಟಾಡಿಸಿದರು. ಕೊನೆಗೆ ಮೂಲೆಗೆ ತಳ್ಳಿದರು — ಚೆಕ್ ಇಲ್ಲ, ಹೆಜ್ಜೆ ಇಡಲು ಜಾಗವೂ ಇಲ್ಲ. ಸ್ಟೇಲ್‌ಮೇಟ್. ಡ್ರಾ. ಹುಡುಗಿ ಕಿಸಕ್ಕೆಂದಳು. ಪಕ್ಕದ ಟೇಬಲ್ಲಿನವರೂ ನಕ್ಕರು. ನಗಲು ನಾಚಿಕೆಯಾಗಬೇಡವೇ ಆ ದೊಡ್ಡವರಿಗೆ!

ಬಸ್ಸಿನಲ್ಲಿ ಅತ್ತೆ: "ಆ ಮಗೂಗೆ ಮರ್ಯಾದೆ ಕಲಿಸಿಲ್ಲ. ಕಂಪ್ಯೂಟರಿಗಿರೋ ಬುದ್ಧಿ ಇಲ್ವಲ್ಲ."

"ಅದು ಬುದ್ಧಿ ಅಲ್ಲ ಅತ್ತೆ. ಬೇಗ ಸೋಲಲಿ ಅಂತ ನಾನೇ ಬರೆದಿದ್ದು."

ಎಲ್ಲ ಹೇಳಿದೆ. ಅತ್ತೆ ನನಗಿಂತ ಮೊದಲೇ ಇಳಿದರು. ಸ್ಟಾಪಿನಲ್ಲಿ ನಿಂತು —

"ನಾನಿನ್ನೂ ಅರ್ಧ ದಾರೀಲಿ ಓಡ್ತಾ ಇರೋವಾಗ್ಲೇ ಫಿನಿಶಿಂಗ್ ಟೇಪ್ ತಂದು ಎದೆಗೆ ಕಟ್ಟಿದ್ಯಲ್ಲೇ. ನಾನು ಕೇಳಿದ್ನಾ?"

ಮಾರ್ಚ್ 3, ಸೋಮವಾರ

ಮ್ಯಾನೇಜರ್ ಕ್ಯಾಬಿನ್ನಿಗೆ ನುಗ್ಗಿದೆ. ಬಾಗಿಲು ಮುಚ್ಚಲೂ ಇಲ್ಲ. ಇಡೀ ಫ್ಲೋರಿಗೆ ಕೇಳಿಸಿರಬೇಕು. ಕೇಳಲಿ. ಎಲ್ಲ ಹೇಳಿ ಮುಗಿಸುವವರೆಗೆ ಕೂತು ಕೇಳಿದ, ಪುಣ್ಯಾತ್ಮ. ಆಮೇಲೆ —

"ನಿಮ್ಮತ್ತೆ ಆ್ಯಪ್ ಡಿಲೀಟ್ ಮಾಡಿದ್ರಾ?"

"ಇಲ್ಲ."

"ಮತ್ತೇನ್ ಪ್ರಾಬ್ಲಂ?"

ಮೇಜಿನ ಮೇಲಿದ್ದ ಕಾಫಿ ಮಗ್ ಎತ್ತಿ ಅವನ ತಲೆಗೆ... ಎತ್ತಲಿಲ್ಲ. ಅವನ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಹೇಳಿದ್ದು ಅವನಾದರೂ ಬರೆದ ಬೆರಳು ನನ್ನವು.

ಮಾರ್ಚ್ 4, ಮಂಗಳವಾರ

ಅತ್ತೆ ಮಾತು ಬಿಟ್ಟಿದ್ದಾರೆ. ಟ್ಯಾಬ್ ಫ್ರಿಜ್ಜಿನ ಮೇಲೆ ಬೋರಲು ಬಿದ್ದಿದೆ. ಭಾನುವಾರ ಹೋಗುವುದಿಲ್ಲವಂತೆ, ಇವರ ಹತ್ತಿರ ಹೇಳಿದರು. ಹೋಗದಿದ್ದರೆ ಇನ್ನು ಬೋರ್ಡ್ ಮುಟ್ಟುವವರಲ್ಲ. ಅವರ ಹಟ ನನಗೆ ಗೊತ್ತು.

ಊಟಕ್ಕೆ ಮುಂಚೆ ಟ್ಯಾಬ್ ತೆಗೆದುಕೊಂಡು ಕೂತೆ. ಸೋಲೊಪ್ಪುವ ಸಾಲುಗಳನ್ನೇ ಕಿತ್ತು ಹಾಕಿದೆ. ಪುಕ್ಕಟೆ ಡ್ರಾ ಕೊಡುವುದನ್ನೂ. ಅತ್ತೆಯ ಮುಂದಿಟ್ಟೆ.

"ಇದು ಸೋತೆ ಅನ್ನಲ್ಲ ಅತ್ತೆ. ಮೇಟ್ ಆಗೋವರೆಗೂ ಬಿಡಲ್ಲ."

"ತಗೊಂಡ್ ಹೋಗೇ ಅತ್ಲಾಗೆ."

ತೆಗೆದುಕೊಂಡು ಹೋಗಲಿಲ್ಲ. ಅಲ್ಲೇ ಬಿಟ್ಟೆ.

ಮಾರ್ಚ್ 6, ಗುರುವಾರ, ಬೆಳಗ್ಗೆ 6

ಹಾಲ್‌ನಿಂದ ಅತ್ತೆಯ ಕೂಗು: "ಎಲ್ಲಿಗೆ ಓಡ್ತೀಯೋ, ನಿಲ್ಲೋ ಲೋ!"

ಒಂಬತ್ತು ಸೋಲು, ಮೂರು ಸ್ಟೇಲ್‌ಮೇಟ್. ಟ್ಯಾಬ್‌ಗೂ ಬೈಗುಳ, ನನಗೂ ಬೈಗುಳ. "ಹಾಳಾದ್ದು, ರಾಣಿ ಜೊತೆ ನನ್ನ ರಾಜನೂ ಹತ್ತಿರ ಹೋಗ್ಬೇಕು ಅಂತ ಒಬ್ಬರಾದ್ರೂ ಹೇಳಿದ್ರಾ?" ಬೈಯಲಿ. ಬೈದರಲ್ಲ, ಅಷ್ಟು ಸಾಕು.

ಮಾರ್ಚ್ 9, ಭಾನುವಾರ, 11.40, ಕ್ಲಬ್ಬಿನ ಹಿಂದಿನ ಬೆಂಚು

ನಾಲ್ಕನೇ ಸುತ್ತು. ಎದುರಿಗೆ ಬ್ಯಾಂಕಿನವರೊಬ್ಬರು, ಟೈ ಕಟ್ಟಿಕೊಂಡು ಬಂದಿದ್ದಾರೆ. ಅತ್ತೆಗೆ ರಾಜ, ರಾಣಿ. ಅವರಿಗೆ ಒಂಟಿ ರಾಜ. ದೇವರೇ, ಮತ್ತೆ ಅದೇ. ಅತ್ತೆ ಈ ಸಲ ತಮ್ಮ ರಾಜನನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ನಿಧಾನ. ಸರಿಯಾಗಿದೆ... ಸರಿಯಾಗಿದೆ.

ಬ್ಯಾಂಕಿನವರು ಕೈ ಚಾಚಿದರು. "ಸೋತೆ ಮೇಡಂ."

ಅತ್ತೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡರು. "ಬೇಡಪ್ಪ. ಇನ್ನೂ ಮೂರು ನಡೆ ಇದೆ. ಆಡಿ."

"ಸೋತೆ ಅಂದ್ನಲ್ಲ!"

"ನೀವಂದ್ರೆ ಆಯ್ತಾ? ಗೆಲ್ಲೋಳು ನಾನು."

ಹಾಲ್ ಪೂರ್ತಿ ಇತ್ತ ತಿರುಗಿದೆ. ಯಾರೂ ನಗುತ್ತಿಲ್ಲ. ಅಂಪೈರ್ ಓಡಿ ಬಂದರು. "ಮೇಡಂ, ಅವರು ಒಪ್ಕೊಂಡ್ರೆ ಆಟ ಮುಗೀತು. ರೂಲ್ ಇದೆ."

"ರೂಲಾ? ಯಾರು ಬರೆದದ್ದು?"

ಅತ್ತೆ ತಿರುಗಿ ನನ್ನನ್ನೇ ನೋಡುತ್ತಿದ್ದಾರೆ. ಎದ್ದು ಇತ್ತಲೇ ಬರುತ್ತಿದ್ದಾರೆ. ನಾನಲ್ಲ ಅತ್ತೆ, ಈ ಸಲ ಆಣೆಗೂ ನಾ—