ಸಂಗವ್ವನ ಸಿಟ್ಟು ಯಾರ ಪಾಲು

ಗದಗ, ೨೧೮೭ನೆಯ ಇಸವಿ, ಫೆಬ್ರವರಿ ಮೂವತ್ತು (ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ)

ನನ್ನ ಮುತ್ತಜ್ಜನ ಮುತ್ತಜ್ಜನಿಗೆ,

ಮೈ ಡಿಯರ್ ಸರ್, ಮುಂದಿನ ಇಂಗ್ಲಿಷ್ ಮರೆತಿದೆ. ಕಾಲೇಜಿನಲ್ಲಿ ಕಲಿತದ್ದು ಅರ್ಧ, ಹೆಂಡತಿ ಪಾರ್ವತೆವ್ವ ತೀರಿಕೊಂಡ ಮೇಲೆ ಉಳಿದದ್ದು ಕಾಲು. ತಿಳಿಯದ ಮಾತು ಬಂದರೆ ಕ್ಷಮಿಸಬೇಕು.

ಇಲ್ಲಿ ಹದಿಮೂರು ತುಂಬಿದ ಮಗು ಒಬ್ಬ ಹಿರಿಯರನ್ನು ಆರಿಸಿಕೊಳ್ಳುತ್ತದೆ. ಇಬ್ಬರೂ ಮುಂಗೈಗೆ ಕಾವುದಾರ ಕಟ್ಟಿಕೊಳ್ಳುತ್ತಾರೆ. ಮಗುವಿಗೆ ಸಿಟ್ಟು ಏರಿದರೆ ಹಿರಿಯರ ದಾರ ಬಿಸಿಯಾಗುತ್ತದೆ. ಕೈಯಲ್ಲಿನ ತುತ್ತು ಬಿಟ್ಟು ಓಡಿ, ಎದುರು ಕೂತು, ಬೈಗುಳವನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳಬೇಕು. ಬೇರೆ ಯಾರ ಮೇಲೂ ಮಕ್ಕಳು ದನಿ ಏರಿಸುವಂತಿಲ್ಲ. ಹೀಗಾಗಿ ಊರಿನಲ್ಲಿ ತಟ್ಟೆ ಹಾರುವುದಿಲ್ಲ, ತಮ್ಮಂದಿರ ಮೂಗು ಒಡೆಯುವುದಿಲ್ಲ. ಸೆಲ್ಫ್ ಕಂಟ್ರೋಲ್ ಅನ್ನುತ್ತಿದ್ದಿರಲ್ಲ, ಅದೇ.

ಮೊಮ್ಮಗಳು ಸಂಗವ್ವನ ದಾರ ಪಾರ್ವತೆವ್ವನ ಕೈಯಲ್ಲಿತ್ತು. ಅವಳು ಹೋದ ಮೇಲೆ ನನ್ನ ಸರದಿ ಎಂದು ಮುಂಗೈ ತೊಳೆದು ಕಾದೆ. ಹುಡುಗಿ ಆರಿಸಿದ್ದು ಎದುರುಮನೆಯ, ಗಾಳಿಯಂತ್ರ ರಿಪೇರಿಯ ಚೆನ್ನವೀರಪ್ಪನನ್ನು! ಬಂಧುವಲ್ಲ, ಬಳಗವಲ್ಲ, ಮೂರೇ ಹಲ್ಲಿನ ಆಸಾಮಿ. ಬಿಸಿಯಾದ ಮುಂಗೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಓಡಿಬರುವಾಗ ಅವನ ಮುಖದಲ್ಲಿ ಎಂಥ ಬಿಗುಮಾನ! ನನಗೆ ಮಾತ್ರ "ಊಟ ಆತೇನ್ ಅಜ್ಜಾ?", "ಹೂಂ ಅಜ್ಜಾ". ಬೀಗರ ಜೊತೆ ಆಡುವಂಥ ಮಾತು.

ನಿನ್ನೆ ತಡೆಯಲಾಗದೆ, ಬೇಕೆಂದೇ ಅವಳ ರೊಟ್ಟಿಗೆ ಹೆಸರಿಟ್ಟೆ. "ಇದೇನು ರೊಟ್ಟಿನೋ, ಚಪ್ಪಲಿ ಅಟ್ಟೆನೋ?" ಕೆನ್ನೆ ಕೆಂಪಾಯಿತು. ಆದರೆ ಬಂದವನು ಚೆನ್ನವೀರಪ್ಪ.

"ಅತ್ತ ಸರೀರಿ ಗೌಡ್ರ, ಇದು ನನ್ನ ಪಾಳಿ."

"ಕಾಕಾ, ನೀವು ಹೊರಗ ನಿಲ್ರಿ," ಎಂದ ಸಂಗವ್ವ ತನ್ನ ದಾರ ಬಿಚ್ಚಿ ಅವನ ಕೈಗಿಟ್ಟಳು. ನನ್ನ ಕಡೆ ತಿರುಗಿದಳು. "ಅಜ್ಜಿ ಸತ್ತಾಗಿಂದ ಒಂದಿನಾನೂ ಅತ್ತಿಲ್ಲ ನೀ. ನಿನ್ನ ಕೈಗೆ ಕಟ್ಟಿದ್ರ ಒಡದ ಹೋಗ್ತಿ ಅಂತ ಅಂಜಿ ಬಿಟ್ಟಿದ್ದೆ. ಈಗ ರೊಟ್ಟಿಗೆ ಹೆಸರಿಡ್ತಿ? ನಾಳಿಂದ ನಿನ್ನ ರೊಟ್ಟಿ ನೀನ ಬಡಕೋ!"

ಕೋಣೆಯ ಬಾಗಿಲು ದಢಾರನೆ ಬಡಿಯಿತು. ಚೆನ್ನವೀರಪ್ಪನ ಮುಖ ಬಾಡಿತು. ಸುಳ್ಳು ಹೇಳಲಾರೆ, ಬಹಳ ಹಿತವಾಯಿತು. ಅವನು ಹೋದ ಮೇಲೆ ಪಾರ್ವತೆವ್ವ ರೊಟ್ಟಿ ಹಿಟ್ಟು ನಾದುತ್ತಿದ್ದ ಕೊಣಮಿಗೆಯ ಮುಂದೆ ಕೂತು ಅತ್ತೆ.

ನಿಮ್ಮ ಕಾಲದಲ್ಲಿ ಮಕ್ಕಳು ದಿನಬೆಳಗಾದರೆ ನಿಮ್ಮ ಮೇಲೆಯೇ ರೇಗುತ್ತಿದ್ದರಂತೆ. ಹೊಟ್ಟೆ ಉರಿಯುತ್ತದೆ ಸರ್! ಒಂದೇ ರಿಕ್ವೆಸ್ಟು: ಬಾಗಿಲು ಬಡಿದ ಮಗುವಿನ ಹಿಂದೆ ಎದುರುಮನೆಯವನನ್ನು ಕಳಿಸಬೇಡಿ. ನೀವೇ ಹೋಗಿ. ನಾನೂ ಹೊರಟೆ, ರೊಟ್ಟಿ ಬಡಿದಾಗಿದೆ. ಸುಟ್ಟು ಕರಕಾದದ್ದು ಮೂರು, ತಿನ್ನಬಹುದಾದದ್ದು ಒಂದು. ಆ ಒಂದು ಅವಳಿಗೆ.

ಯುವರ್ಸ್... ಮುಂದಿನದು ಮರೆತಿದೆ,
ಮಲ್ಲನಗೌಡ