ದೇವರ ಹೊಲದ ಬೀಜ

ಧಾರ್‌ಗ್ರಾಂ, ಕುಲ್ಲು ಜಿಲ್ಲೆ
ಕಾರ್ತಿಕದ ಆರು, ೧೯೯೭

ಮುದ್ದಿನ ತಂಗಿ ಖಿಮಿಗೆ ನಿನ್ನ ಅಣ್ಣ ಲೋತ ರಾಮನ ಆಶೀರ್ವಾದ.

ಮೊದಲು ನಿನ್ನ ಮೊಣಕಾಲಿನ ಸಂಗತಿ ಬರೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೀಯಂತೆ, ಕುರಿ ಕಾಯುವ ಬನ್ಸು ಹೇಳಿದ. ಹಿಡಿದುಕೋ. ನಾಚಿಕೆ ಪಡುವ ವಯಸ್ಸು ಯಾವಾಗಲೋ ದಾಟಿತು. ಅಂಗಳದ ಏಣಿ ಹತ್ತಿ ಹುಲ್ಲು ಎಳೆಯುವ ಕೆಲಸ ಇನ್ನು ಸೊಸೆಗೆ ಬಿಡು. ಭಾವನವರ ಕೆಮ್ಮು ಹೇಗಿದೆ? ಅವರಿಗೆ ಬೀಡಿ ಬಿಡಲು ಹೇಳು, ನಾನು ಹೇಳಿದೆ ಅಂತಲೇ ಹೇಳು. ನನ್ನ ಮಾತು ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳು. ಕಪ್ಪು ಹಸು ಕರು ಹಾಕಿತೋ ಇಲ್ಲವೋ ಬನ್ಸುವಿಗೆ ಗೊತ್ತಿಲ್ಲ. ಅವನಿಗೆ ಕುರಿ ಬಿಟ್ಟರೆ ಬೇರೆ ಪ್ರಾಣಿ ಕಣ್ಣಿಗೆ ಬೀಳುವುದಿಲ್ಲ.

ನನ್ನ ವಿಷಯ ಏನು ಬರೆಯಲಿ. ಶ್ರಾವಣದಲ್ಲಿ ಚಾವಣಿಯ ಚಪ್ಪಡಿಕಲ್ಲು ಸರಿಮಾಡುವಾಗ ಜಾರಿಬಿದ್ದೆ ಅಂತ ನಿನಗೆ ಸುದ್ದಿ ಮುಟ್ಟಿರಬೇಕು. ಸೊಂಟದ ಎಲುಬಿನಲ್ಲಿ ಬಿರುಕು ಅಂದರು. ಈಗ ಕೋಲು ಹಿಡಿದು ಓಡಾಡುತ್ತೇನೆ. ನಿನ್ನ ಅತ್ತಿಗೆ ಚೈತ್ರಿ ಕೂತುಕೋ ಅನ್ನುತ್ತಾಳೆ, ಕೂರಲು ಆಗುವುದಿಲ್ಲ. ಈ ಕಾಗದ ಬರೆಯಲು ಕೂತಮೇಲೂ ಎಷ್ಟೋ ಸಲ ಎದ್ದು ಹೊರಗೆ ಹೋಗಿ ಬೆಟ್ಟ ದಾಟುವ ಜೋತ್ ಕಡೆ ನೋಡಿ ಬಂದೆ. ಮೋಡ ಇನ್ನೂ ನೆತ್ತಿಯ ಮೇಲೆ ಕೂತಿಲ್ಲ, ಪಕ್ಕದಲ್ಲಿ ಸುತ್ತುತ್ತಿದೆ. ಕೂತುಬಿಟ್ಟರೆ ದಾರಿ ಮುಚ್ಚಿತು, ಮತ್ತೆ ಜ್ಯೇಷ್ಠದವರೆಗೆ ನೀನು ಆ ಕಡೆ, ನಾವು ಈ ಕಡೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಓದಲು ಬಾರದಿದ್ದರೆ ಮೇಷ್ಟರ ಹತ್ತಿರ ಹೋಗಬೇಡ, ನಿನ್ನ ಮಗನಿಂದಲೇ ಓದಿಸು. ಮನೆಯ ಮಾತು ಮನೆಯಲ್ಲೇ ಇರಲಿ.

ಈ ವರ್ಷ ಊರು ಕೆಟ್ಟಿತು ಖಿಮಿ. ಹೋದ ಚಳಿಗಾಲದಲ್ಲಿ ದೇವರು ಮೈಮೇಲೆ ಬರುವ ನೋಖುವಿನ ಮಗನ ಮನೆಯಲ್ಲಿ ಒಬ್ಬ ಪರದೇಶಿ ಗಡ್ಡದವನು ಇದ್ದ. ಹೋಗುವಾಗ ಡಬ್ಬಿ ತುಂಬ ಭಂಗಿ ಬೀಜ ಕೊಟ್ಟುಹೋದ. ಕಾಳು ದಪ್ಪ, ಬಟಾಣಿಯ ಮರಿಯ ಹಾಗೆ. ಒಂದೊಂದು ಗಿಡದಲ್ಲಿ ನಮ್ಮ ಮೂರು ಗಿಡದಷ್ಟು ಅಂಟು ಬರುತ್ತದೆ ಅಂದನಂತೆ. ಹುಡುಗರ ಕಣ್ಣು ಅರಳಿತು. ಕೆಳಗಿನ ಎಲ್ಲ ಹೊಲಕ್ಕೂ ಅದನ್ನೇ ಹಾಕಿದರು. ನಾನು ಬೇಡ ಅಂದೆ. ಎಲ್ಲಿಯದೋ ಬೆಚ್ಚಗಿನ ನಾಡಿನ ಬೀಜಕ್ಕೆ ನಮ್ಮ ಬೆಟ್ಟದ ಹಿಮ ಯಾವಾಗ ಬರುತ್ತದೆ ಅಂತ ಯಾರು ಹೇಳಿಕೊಟ್ಟಿದ್ದಾರೆ? ನಮ್ಮ ಗಿಡ ಚಿಕ್ಕದು, ಕಾಂಡ ಕಪ್ಪು, ಅಂಟು ಕಮ್ಮಿ, ಒಪ್ಪಿದೆ. ಆದರೆ ಹಿಮಕ್ಕೆ ಮುಂಚೆ ಹಣ್ಣಾಗುತ್ತದೆ. ನಾನು ಹಾಗೆ ಅಂದದ್ದಕ್ಕೆ ನೋಖುವಿನ ಮಗ, "ಅಜ್ಜ ಇನ್ನೂ ಲಾಂದ್ರದ ಕಾಲದಲ್ಲಿದಾನೆ" ಅಂತ ನಕ್ಕ. ಲಾಂದ್ರದ ಕಾಲದಲ್ಲಿ ನಿನ್ನಪ್ಪನಿಗೆ ಯಾರ ಮನೆಯಿಂದ ಹಿಟ್ಟು ಹೋಗುತ್ತಿತ್ತು ಅಂತ ಹೋಗಿ ಕೇಳು ಅಂದೆ. ನಾನೇನು ಸಾಧು ಅಲ್ಲ. ನಾವು ಇಬ್ಬರೂ ಚರಸ್ಸಿನ ಅಂಟಿಗೆ ಗಿಡವನ್ನು ಕೈ ಕಪ್ಪಾಗುವ ತನಕ ಉಜ್ಜಿದವರೇ, ನಿನ್ನ ಮದುವೆಯ ಒಡವೆಯೂ ಆ ಕಪ್ಪಿನಿಂದಲೇ ಬಂದದ್ದು. ಆದರೆ ಉಜ್ಜುವುದಕ್ಕೂ ಒಂದು ಲೆಕ್ಕ ಇತ್ತು.

ದೇವರ ಹೊಲ ನಿನಗೆ ನೆನಪಿದೆಯಲ್ಲ, ಎಲ್ಲಕ್ಕಿಂತ ಮೇಲೆ, ದೇವದಾರುಗಳ ಕೆಳಗೆ, ಚಿಕ್ಕವಳಿದ್ದಾಗ ಹಕ್ಕಿ ಓಡಿಸಲು ಹೋಗಿ ನೀನು ನಿದ್ದೆ ಹೋಗುತ್ತಿದ್ದ ಜಾಗ. ಅಲ್ಲಿಯ ಗಿಡವನ್ನು ಯಾರೂ ಉಜ್ಜುವ ಹಾಗಿಲ್ಲ. ಕೆಳಗಿನ ಹೊಲದಲ್ಲಿ ಹೂ ಬಿಡುವ ಮುಂಚೆ ಗಂಡುಗಿಡಗಳನ್ನೆಲ್ಲ ಕೀಳುತ್ತೇವೆ, ಕಾಳು ಕಟ್ಟಿದರೆ ಅಂಟು ಕಮ್ಮಿ ಅಂತ. ಆದರೆ ದೇವರ ಹೊಲದ ಗಂಡುಗಿಡ ಮುಟ್ಟುವುದಿಲ್ಲ. ಅದರ ನಾರಿನಿಂದ ದೇವರು ಮೈಮೇಲೆ ಬರುವವನಿಗೆ ಕಾಲಿನ ಜೋಡು ಹೆಣೆಯುತ್ತೇವೆ, ಅದರ ಧೂಳು ಬಿದ್ದು ಹೆಣ್ಣುಗಿಡದಲ್ಲಿ ಕಟ್ಟಿದ ಕಾಳೇ ಊರಿಗೆಲ್ಲ ಬೀಜ. ಗಾಳಿಗೆ ಒಂದಿಷ್ಟು ಧೂಳು ಕೆಳಗಿನ ಹೊಲಕ್ಕೂ ಇಳಿದು ಅಲ್ಲಿಯೂ ಕಾಳಾಗುತ್ತಿತ್ತು. ದೇವರ ಪಾಲು ಅಂತ ಯಾರೂ ತಕರಾರು ಎತ್ತುತ್ತಿರಲಿಲ್ಲ. ಈ ವರ್ಷ ಅದನ್ನು ನೋಡಿಕೊಳ್ಳುವ ಸರದಿ ನಮ್ಮ ಮನೆಯದು. ನಾನು ಹಾಸಿಗೆಯಲ್ಲಿ. ಊರಿನ ಹುಡುಗರು ನನ್ನ ಮಗ ಟೇಕನ ಹತ್ತಿರ ಬಂದರು. ಮೇಲಿನ ಧೂಳು ಇಳಿದರೆ ನಮ್ಮ ಹೊಸ ಗಿಡಗಳೆಲ್ಲ ಕಾಳಾಗಿ ಹಾಳಾಗುತ್ತವೆ, ಒಂದೇ ಒಂದು ವರ್ಷ ಅಲ್ಲಿಯ ಗಂಡುಗಿಡವನ್ನೂ ಕಿತ್ತುಬಿಡು, ಬೀಜ ಬೇಕಾದರೆ ಗಡ್ಡದವನು ಮತ್ತೆ ತರುತ್ತಾನೆ ಅಂದರು. ಟೇಕ ಯಾರಿಗೂ ಇಲ್ಲ ಅನ್ನಲಾರ, ಅವನ ತಾಯಿಯ ಗುಣ. ನನ್ನನ್ನು ಒಂದು ಮಾತು ಕೇಳಲಿಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಿ ಒಂದೇ ಬೆಳಗಿನಲ್ಲಿ ಪೂರಾ ಕಿತ್ತು ಹಾಕಿದರು. ಊರಿಗೆ ಉಪಕಾರ ಮಾಡಿದೆ ಅಂತ ಸಂಜೆ ನನ್ನ ಮುಂದೆ ಬಂದು ಹೇಳಿದ. ನಾನು ಕೋಲು ಎಸೆದೆ. ತಗಲಲಿಲ್ಲ. ಎದ್ದು ಹೋಗಿ ತಂದುಕೊಳ್ಳಲೂ ಆಗಲಿಲ್ಲ, ಅವನೇ ತಂದು ಕೈಗೆ ಕೊಟ್ಟ.

ಮುಂದೆ ಏನಾಯಿತು ಅಂತ ನೀನೇ ಊಹಿಸಬಹುದು. ಆಶ್ವಿನದಲ್ಲೇ ಹಿಮ ಬಿತ್ತು. ನಿಮ್ಮ ಕಡೆ ಬರೀ ಮಳೆಯಂತೆ, ಅದೃಷ್ಟವಂತರು. ಪರದೇಶಿ ಗಿಡ ಆಳೆತ್ತರ ನಿಂತಿದ್ದವು, ಹೂ ಇನ್ನೂ ಹಸಿರು, ಬೆಳಗ್ಗೆ ಎದ್ದು ನೋಡಿದರೆ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಬಿದ್ದಿವೆ. ಊರಿಗೆ ಊರೇ ಕೊಳೆತ ವಾಸನೆ. ಗಡ್ಡದವನು ಗೋವೆಯ ಕಡೆ ಹೋದನಂತೆ, ಸುಳಿವಿಲ್ಲ. ಮೇಲೆ ದೇವರ ಹೊಲದಲ್ಲಿ ನಮ್ಮ ಹೆಣ್ಣುಗಿಡಗಳು ಹಿಮ ಕೊಡವಿಕೊಂಡು ನೆಟ್ಟಗೆ ನಿಂತಿವೆ, ಹಣ್ಣಾಗಿವೆ, ಆದರೆ ಒಳಗೆ ಒಂದು ಕಾಳಿಲ್ಲ. ನಾನು ಕೋಲೂರಿಕೊಂಡು ಹತ್ತಿ ಹೋಗಿ ಒಂದೊಂದೇ ತೆನೆ ಬಿಡಿಸಿ ನೋಡಿದೆ. ಹೊಟ್ಟು. ಇಳಿಯಲು ಆಗಲಿಲ್ಲ, ಟೇಕ ಬಂದು ಬೆನ್ನ ಮೇಲೆ ಹೊತ್ತುಕೊಂಡು ಇಳಿಸಿದ. ದಾರಿಯುದ್ದಕ್ಕೂ ಬೈದೆ. ಅವನ ಕಿವಿ ನನ್ನ ಬಾಯಿಯ ಪಕ್ಕದಲ್ಲೇ ಇತ್ತು.

ಹಳೆಯ ಬೀಜ ಯಾರ ಮನೆಯಲ್ಲಾದರೂ ಮಿಕ್ಕಿರಬಹುದು ಅಂತ ಮನೆಮನೆ ತಿರುಗಿದೆ. ಹೊಸದು ಬಂತಲ್ಲ ಅಂತ ಎಲ್ಲರೂ ಹಳೆಯದನ್ನು ಹುರಿದು ತಿಂದು ಮುಗಿಸಿದ್ದಾರೆ. ನಮ್ಮ ಮನೆಯ ಕುಡಿಕೆಯೂ ಖಾಲಿ. ಹಾಸಿಗೆ ಹಿಡಿದವನನ್ನು ನೋಡಲು ಬಂದವರಿಗೆ ಚೈತ್ರಿ ಹಬೆಯಲ್ಲಿ ಸಿಡ್ಡು ರೊಟ್ಟಿ ಬೇಯಿಸಿ, ಜೊತೆಗೆ ಆ ಬೀಜದ ಚಟ್ನಿ ಅರೆದು ಬಡಿಸಿದ್ದಾಳೆ. ನನ್ನ ಸೊಂಟವನ್ನು ಊರೆಲ್ಲ ನಂಚಿಕೊಂಡು ತಿಂದ ಹಾಗಾಯಿತು. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಮೇಲಿನ ಹೊಲದಲ್ಲಿ ಬೀಜ ಇದ್ದೇ ಇರುತ್ತದೆ ಅಂತ ತಾನೇ ಅವಳು ಅರೆದದ್ದು.

ಈ ತಿಂಗಳ ಮೊದಲ ದಿನ, ಸಂಕ್ರಾಂತಿಗೆ, ದೇವರನ್ನು ಹೊರಗೆ ತಂದರು. ನೋಖುವಿನ ಮೈಮೇಲೆ ಬಂತು. ಆಮೇಲೆ ಕಾಲಿನ ಜೋಡು ಬಿಚ್ಚಿ ಅಂಗಳದ ನಡುವೆ ಇಟ್ಟು ನನ್ನ ಕಡೆ ತಿರುಗಿ ಹೇಳಿದ: "ಇದು ಸವೆದ ಮೇಲೆ ನಾನು ಯಾವ ಕಾಲಲ್ಲಿ ಬರ್ಲಿ?" ಚರ್ಮದ ಜೋಡು ಮೆಟ್ಟಿ ದೇವರು ನಡೆಯುವುದಿಲ್ಲ. ಗಂಡುಗಿಡ ಕಿತ್ತುಬಿಡು ಅಂತ ಬಂದು ಕಾಡಿದ ಹುಡುಗರು ಹಿಂದೆ ನಿಂತು ನೆಲ ನೋಡುತ್ತಿದ್ದರು. ಹಿರಿಯರು ಕೂತು ತೀರ್ಮಾನ ಮಾಡಿದರು. ವೈಶಾಖದ ಬಿತ್ತನೆಯ ಹೊತ್ತಿಗೆ ಹಳೆಯ ಬೀಜ ದೇವರ ಹೊಲಕ್ಕೆ ಬೀಳಬೇಕು. ಬೀಳದಿದ್ದರೆ ಟೇಕ ಇನ್ನು ಪಲ್ಲಕ್ಕಿಗೆ ಹೆಗಲು ಕೊಡುವ ಹಾಗಿಲ್ಲ, ಅವನ ಮಕ್ಕಳೂ ಇಲ್ಲ. ನಮ್ಮಪ್ಪನ ಹೆಗಲಿನ ಮೇಲೆ ಆ ಪಲ್ಲಕ್ಕಿ ಕೋಲಿನ ಗುಳಿ ಇತ್ತು, ನೀನು ಬೆರಳಿಟ್ಟು ಆಡುತ್ತಿದ್ದೆ. ನನ್ನ ಹೆಗಲಿನಲ್ಲೂ ಇದೆ. ಟೇಕನಿಗೆ ಈಗಷ್ಟೇ ಬೀಳತೊಡಗಿತ್ತು.

ಅವತ್ತಿನಿಂದ ಅವನು ಸೌದೆ ಒಡೆಯುತ್ತಾನೆ. ಮುಂದಿನ ಎರಡು ಚಳಿಗಾಲಕ್ಕೆ ಸಾಕಾಗುವಷ್ಟು ಒಡೆದಿದ್ದಾನೆ, ಇನ್ನೂ ಒಡೆಯುತ್ತಿದ್ದಾನೆ. ಆ ಸದ್ದು ಕೇಳಿ ಕೇಳಿ ನನಗೆ ತಲೆ ಕೆಡುತ್ತಿದೆ, ನಿಲ್ಲಿಸಿದರೆ ಇನ್ನೂ ಕೆಡುತ್ತದೆ. ನಿನ್ನೆ ಚೈತ್ರಿ ರೊಟ್ಟಿ ತಟ್ಟುತ್ತಾ ತಿರುಗಿಯೂ ನೋಡದೆ, "ಖಿಮಿಗೊಂದು ಕಾಗದ ಬರೀರಿ" ಅಂದಳು. ನಾನು ಕೂಗಾಡಿದೆ. ಹೆಣ್ಣು ಕೊಟ್ಟ ಮನೆಯ ಬಾಗಿಲಲ್ಲಿ ತವರಿನವರು ಕೈಚಾಚಿದ್ದು ಈ ಬೆಟ್ಟದಲ್ಲಿ ಎಲ್ಲಾದರೂ ಉಂಟೇ? ನಿನ್ನ ಮನೆಗೆ ಬಂದಾಗ ನೀರನ್ನು ಕೂಡ ನನ್ನ ಚೊಂಬಿನಿಂದಲೇ ಕುಡಿದವನು ನಾನು. ನಿನಗೆ ಕೊಡಬೇಕು, ನಿನ್ನಿಂದ ತೆಗೆದುಕೊಳ್ಳಬಾರದು, ಅಪ್ಪ ಸಾಯುವಾಗಲೂ ಅದನ್ನೇ ಹೇಳಿ ಸತ್ತ. ಅವಳು ರೊಟ್ಟಿ ಮಗುಚಿ ಅಂದಳು, "ನಿಮ್ಮ ಹಟಕ್ಕೆ ನನ್ನ ಮಗನ ಹೆಗಲು ಯಾಕೆ ಬಡವಾಗ್ಬೇಕು?" ನಾನು ಊಟ ಬಿಟ್ಟು ಎದ್ದೆ. ಸ್ವಲ್ಪ ಹೊತ್ತಾದ ಮೇಲೆ ಹಸಿವಾಗಿ ಬಂದು ತಿಂದೆ, ಅದು ಬೇರೆ ಮಾತು. ಇವತ್ತು ಬೆಳಗ್ಗೆ ಕೂತು ಕಾಗದ ಬರೆಯುತ್ತಿರುವುದು ನಿನ್ನ ಮೊಣಕಾಲಿನ ಯೋಗಕ್ಷೇಮ ಕೇಳುವುದಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ಬನ್ಸುವಿನ ಕೈಯಲ್ಲಿ ಒಂದು ಉಣ್ಣೆಯ ಪಟ್ಟು ಕಳಿಸಿದ್ದೇನೆ, ಚೈತ್ರಿ ನೇಯ್ದದ್ದು, ಅಂಚಿನಲ್ಲಿ ಕೆಂಪು ಹಾಕು ಅಂದದ್ದು ನಾನು. ಅಕ್ರೋಟು ಒಂದು ಚೀಲ. ತುಪ್ಪವೂ ಇದೆ, ಮೊಣಕಾಲಿಗೆ ಹಚ್ಚಬೇಡ, ತಿನ್ನು. ಭಾವನವರಿಗೆ ನಮಸ್ಕಾರ, ಮಕ್ಕಳ ತಲೆಯ ಮೇಲೆ ಕೈಯಿಟ್ಟೆ ಅಂತ ತಿಳಿ. ದೇವರು ನಿನ್ನ ಒಲೆಯನ್ನು ಆರದ ಹಾಗೆ ಇಟ್ಟಿರಲಿ.

ನಿನ್ನ ಅಣ್ಣ,
ಲೋತ ರಾಮ

ಮರೆತದ್ದು: ಬನ್ಸು ಹೊರಟು ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಚಹಾ ಕುಡಿಯುತ್ತಾ ಈಗಷ್ಟೇ ಒಂದು ಮಾತು ಆಡಿದ. ನಿನ್ನ ಕೊಟ್ಟಿಗೆಯ ಹಿಂದೆ ಒಂದು ಸಾಲು ಭಂಗಿ ಗಿಡ ಇತ್ತಂತೆ, ಕಪ್ಪು ಕಾಂಡದ್ದು, ಕಾಳು ಕಟ್ಟಿದ್ದು. ಅದು ನೀನು ಗಂಡನ ಮನೆಗೆ ಹೊರಟಾಗ ಅಮ್ಮ ನಿನ್ನ ಸೆರಗಿಗೆ ಕಟ್ಟಿದ ಬೀಜದ್ದೇ ಇರಬೇಕು. ನಿಮ್ಮ ಕಡೆಗೆ ಪರದೇಶಿ ಬೀಜ ಇನ್ನೂ ಕಾಲಿಟ್ಟಿಲ್ಲ. ಕೊಟ್ಟದ್ದನ್ನು ನಾನು ವಾಪಸು ಕೇಳುವುದಿಲ್ಲ, ನೀನೂ ನಿನ್ನ ಮನೆಯಿಂದ ನನ್ನ ಮನೆಗೆ ಕಳಿಸಬೇಡ. ಆದರೆ ಜೋತ್‌ನ ನೆತ್ತಿಯಲ್ಲಿ ದಾರಿಹೋಕರು ಒಟ್ಟಿದ ಕಲ್ಲುಗುಪ್ಪೆ ಇದೆಯಲ್ಲ, ಅದು ನಿನ್ನ ಊರಲ್ಲ, ನನ್ನ ಊರಲ್ಲ. ಬನ್ಸು ಉಳಿದ ಕುರಿಗಳನ್ನು ಹೊಡೆದುಕೊಂಡು ತಿರುಗಿ ದಾಟುವಾಗ ಒಂದು ಚೀಲವನ್ನು ಅಲ್ಲಿ ಇಟ್ಟು, ಹಿಂದೆ ನೋಡದೆ ಇಳಿದು ಬರಲಿ. ಟೇಕ ಈಗಲೇ ಹೊರಟು ಅಲ್ಲಿ ಕಾಯುತ್ತಾನೆ. ನಾನು ಹೇಳಿ ಮುಗಿಸುವ ಮುಂಚೆ ಕೊಡಲಿ ಕೆಳಗಿಟ್ಟು ಕಂಬಳಿ ಹೆಗಲಿಗೆ ಹಾಕಿಕೊಂಡಿದ್ದಾನೆ. ಬನ್ಸು ನಗುತ್ತಾನೆ, "ಮಾಮಾ, ದೇವರಿಗೆ ಅಷ್ಟೂ ಕಣ್ಣು ಕಾಣಲ್ವಾ?" ಅಂತ. ದೇವರಿಗೆ ಕಾಣಲಿ, ಊರಿಗೆ ಕಾಣದಿದ್ದರೆ ಸಾಕು ಅಂದೆ. ಬೀಜ ಹುರಿಯಬೇಡ. ಬಾಣಲೆಯಲ್ಲಿದ್ದರೆ ಕಾಗದ ಕೇಳುತ್ತಿರುವಾಗಲೇ ಇಳಿಸು. ತಿಂದು ಮುಗಿದಿದ್ದರೆ ಖಾಲಿ ಚೀಲವನ್ನೇ ಗಂಟು ಹಾಕಿ ಇಡಿಸು. ಚೀಲ ಖಾಲಿ ಬಂದರೆ ನಾನು ಏನೂ ಅನ್ನುವುದಿಲ್ಲ, ಅತ್ತೆ ಇಲ್ಲ ಅನ್ನಲಿಲ್ಲ ಅಂತ ಹುಡುಗನಿಗೆ ತಿಳಿಯಬೇಕು ಅಷ್ಟೆ. ಮೋಡ ನೆತ್ತಿಗೆ ಬಂದಿತು, ಕೂರುವ ಮುಂಚೆ ಬನ್ಸು ದಾಟಬೇಕು.