ಹೃದಯದ ಮಾತ್ರೆ

ಮಂಗಳವಾರ, ೧೪ ಸೆಪ್ಟೆಂಬರ್

ನನ್ನ ಚೂಟಿಗೆ,

ಅಮ್ಮನ ಆಶೀರ್ವಾದ. ಎರಡು ದಿನದಲ್ಲಿ ಮೂರು ಸಲ ಫೋನ್ ಮಾಡಿದವಳು ಈಗ ಕಾಗದ ಬೇರೆ ಬರೆದಿದ್ದಾಳಲ್ಲ ಎಂದು ನಿನಗೆ ನಗು ಬರಬಹುದು. ಮೂರು ಸಲವೂ ಒಂದೇ ವಿಷಯ ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡಿದ್ದೆ. ಊಟ ಆಯ್ತಾ, ಬಟ್ಟೆ ಒಗೆದುಕೊಂಡೆಯಾ ಎಂದು ಕೇಳಿ ಇಟ್ಟುಬಿಟ್ಟೆ. ಕಾಗದದಲ್ಲಾದರೆ ಮಧ್ಯದಲ್ಲಿ ನೀನು ‘ಮತ್ತೇನಮ್ಮಾ ಸಮಾಚಾರ’ ಅನ್ನುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಲಿನ ಪ್ಲಾಸ್ಟರ್ ಇನ್ನೂ ಮೂರು ವಾರ ಬಿಚ್ಚುವುದಿಲ್ಲವಂತೆ. ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು, ರೊಟ್ಟಿ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮಣೆಯನ್ನು ಬೈದುಕೋ.

ಮೊನ್ನೆ ಭಾನುವಾರ ಎಷ್ಟು ಖುಷಿಯಿಂದ ಹೇಳಿದೆ! ವಾಲಿಬಾಲ್ ತಂಡಕ್ಕೆ ಆಯ್ಕೆಯಾದವರಿಗೆಲ್ಲ ತಪಾಸಣೆ ಮಾಡಿದರು, ಎದೆಗೆ ವೈರು ಅಂಟಿಸಿ ನೋಡಿದರು, ಸ್ಕ್ಯಾನ್ ಕೂಡ ಮಾಡಿದರು, ನಿನ್ನ ಹಾರ್ಟು ಕುದುರೆ ಥರ ಇದೆ ಕಣಮ್ಮಾ, ತೂತಿದೆ ಅಂತ ಯಾರು ಹೇಳಿದ್ದು ನಿಂಗೆ ಎಂದು ಡಾಕ್ಟರು ನಕ್ಕರು ಅಂತ. ಅವತ್ತೇ ಮಾತ್ರೆ ಡಬ್ಬಿಯನ್ನು ಕಸಕ್ಕೆ ಹಾಕಿದೆ, ಹತ್ತೊಂಬತ್ತು ದಿನ ಆಯ್ತು, ಏನೂ ಆಗಿಲ್ಲ, ನೀನು ಸುಮ್ನೆ ಹೆದರ್ತಿದ್ದೆ ಅಂತ. ನಾನು ಒಳ್ಳೇದಾಯ್ತು ಬಿಡು ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಬೀಳ! ಹದಿನಾರು ವರ್ಷ ಸುಳ್ಳು ಹೇಳಿದ ಬಾಯಿ, ಹೊತ್ತು ಬಂದಾಗಲೂ ಅದನ್ನೇ ಹೇಳಿತು.

ಈಗ ಹೇಳುತ್ತೇನೆ, ಕೂತು ಓದು. ನಿನ್ನ ಹೃದಯಕ್ಕೆ ಯಾವತ್ತೂ ಏನೂ ಆಗಿರಲಿಲ್ಲ. ನಾಲ್ಕು ವರ್ಷದವಳಿದ್ದಾಗಿನಿಂದ ನೀನು ನುಂಗುತ್ತಿದ್ದದ್ದು ಎಚ್‌ಐವಿಯ ಮಾತ್ರೆ. ಸೋಂಕು ನಿನಗೆ ನನ್ನಿಂದ ಬಂತು. ಹೊಟ್ಟೆಯಲ್ಲಿದ್ದಾಗಲೋ, ಹುಟ್ಟುವಾಗಲೋ, ಹಾಲು ಕುಡಿಯುವಾಗಲೋ, ಅದನ್ನು ಹೇಳಲು ಯಾರಿಂದಲೂ ಆಗುವುದಿಲ್ಲವಂತೆ. ನಾನು ಥೈರಾಯ್ಡಿಗೆಂದು ನುಂಗುವ ಮಾತ್ರೆಯೂ ಅದೇ.

ಅಳುವುದಿದ್ದರೆ ಆಮೇಲೆ ಅಳು, ಇದನ್ನು ಮೊದಲು ಓದು. ಮಾತ್ರೆ ಬಿಟ್ಟರೆ ಮೈಯಲ್ಲಿ ಅಡಗಿ ಕೂತದ್ದು ಮತ್ತೆ ಏಳುತ್ತದೆ. ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ, ಅದೇ ಅದರ ಮೋಸ. ನಮ್ಮ ಔಷಧಿ ಕೇಂದ್ರದ ಸಲಹೆಗಾರ್ತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಇವತ್ತೇ ಮತ್ತೆ ಶುರು ಮಾಡಲಿ, ನಾಳೆ ಅಲ್ಲಿನ ಕೇಂದ್ರಕ್ಕೆ ಹೋಗಿ ರಕ್ತ ಕೊಡಲಿ, ನಾನು ಅವರಿಗೆ ತಿಳಿಸಿರ್ತೀನಿ ಎಂದರು. ನಿಮ್ಮೂರ ದೊಡ್ಡಾಸ್ಪತ್ರೆಯ ಹಿಂದೆ, ಎಕ್ಸ್‌ರೇ ಕೋಣೆ ದಾಟಿದ ಮೇಲೆ ಇದೆಯಂತೆ. ಮಾತ್ರೆಯನ್ನು ನಂಬಿಕಸ್ಥರೊಬ್ಬರ ಕೈಯಲ್ಲಿ ಕಳಿಸಿದ್ದೇನೆ. ಈ ಸಲ ಡಬ್ಬಿಯ ಮೇಲಿನ ಚೀಟಿ ಕಿತ್ತಿಲ್ಲ.

ಹೃದಯ ಎಂದು ಯಾಕೆ ಹೇಳಿದೆ ಅನ್ನುತ್ತೀಯಾ? ನಿನಗೆ ಐದು ವರ್ಷ. ದಿನಾ ಯಾಕಮ್ಮ ಮಾತ್ರೆ ಎಂದು ಕೇಳಿದೆ. ಹೃದಯದ ಕಾಯಿಲೆಯವರನ್ನು ಕಂಡರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಯಾರೂ ಲೋಟ ಬೇರೆ ಇಡುವುದಿಲ್ಲ. ಅಷ್ಟೇ ಲೆಕ್ಕಾಚಾರ. ನಾನೊಬ್ಬಳೇ ಅಲ್ಲ, ನಮ್ಮ ಕೇಂದ್ರದ ಗೇಟಿನ ಬಳಿ ಒಂದು ಕಸದ ಡ್ರಮ್ಮಿದೆ. ಔಷಧಿ ತೆಗೆದುಕೊಂಡವರೆಲ್ಲ ಅಲ್ಲೇ ನಿಂತು, ಮಾತ್ರೆಗಳನ್ನು ವಿಟಮಿನ್ ಡಬ್ಬಿಗೋ ಪುಡಿ ಡಬ್ಬಿಗೋ ಸುರಿದುಕೊಂಡು, ಚೀಟಿ ಕಿತ್ತು, ಖಾಲಿ ಡಬ್ಬಿ ಎಸೆದು ಹೋಗುತ್ತಾರೆ. ಸಂಜೆಯೊಳಗೆ ಡ್ರಮ್ಮು ತುಂಬುತ್ತದೆ. ಒಳಗೆ ಬೆಂಚಿನ ಮೇಲೆ ಎರಡು ಗಂಟೆ ಕಷ್ಟಸುಖ ಮಾತಾಡಿದವರು ಗೇಟು ದಾಟಿದ ಮೇಲೆ ಒಬ್ಬರನ್ನೊಬ್ಬರು ಗುರುತು ಹಿಡಿಯುವುದಿಲ್ಲ. ಅದು ನಮ್ಮ ನಮ್ಮಲ್ಲಿನ ಮರ್ಯಾದೆ.

ಆ ಬೆಂಚಿನ ಎದುರು ಗೋಡೆಯ ಮೇಲೆ ಪ್ರಪಂಚದ ನಕ್ಷೆ ಹಾಕಿದ್ದಾರೆ. ಈ ಕಾಯಿಲೆ ಇರುವಲ್ಲೆಲ್ಲ ಬಣ್ಣ ಬಳಿದಿದ್ದಾರೆ, ಹೆಚ್ಚಿದ್ದಲ್ಲಿ ಗಾಢ, ಕಡಿಮೆಯಿದ್ದಲ್ಲಿ ತಿಳಿ. ನನ್ನ ಸರದಿ ಬರುವವರೆಗೆ ಬಣ್ಣವಿಲ್ಲದ ದೇಶ ಹುಡುಕುತ್ತ ಕೂರುತ್ತಿದ್ದೆ. ಒಂದೂ ಸಿಗಲಿಲ್ಲ. ಕೋಟಿಗಟ್ಟಲೆ ಜನ ಚೂಟಿ, ಒಂದೊಂದು ದೇಶದಲ್ಲಿ ದುಡಿಯುವ ವಯಸ್ಸಿನವರೇ ಹೋಗಿಬಿಟ್ಟು ಊರೂರೇ ಮುದುಕರು ಮಕ್ಕಳ ಪಾಲಾದವಂತೆ. ಅಷ್ಟು ದೂರ ಯಾಕೆ, ನಮ್ಮ ಸಾಲಿನಲ್ಲೇ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ನಿಂತಿರುತ್ತಿದ್ದರು. ಮಗ ಸೊಸೆ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಮೊದಲ ವರ್ಷ ನಮ್ಮ ಬೆಂಚಿನಲ್ಲಿ ಒಂಬತ್ತು ಜನ ಇದ್ದೆವು. ಈಗ ನಾನು ಮತ್ತು ಗಡಿಯಾರ ರಿಪೇರಿಯವರು, ಇಬ್ಬರೇ. ಆಗ ಔಷಧಿ ಎಲ್ಲರ ಕೈಗೆ ಹೊತ್ತಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ, ನೀನು ಕಸಕ್ಕೆ ಹಾಕುತ್ತೀಯ. ಬೈಯುತ್ತಿಲ್ಲ. ಸುಸ್ತಾಗಿದೆ ನನಗೆ, ಅಷ್ಟೆ.

ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನ್ನನ್ನು ಗಟ್ಟಿಗಿತ್ತಿ ಅನ್ನುವುದು ನಿನಗೆ ಗೊತ್ತಲ್ಲ? ಅದೂ ಇದರಿಂದಲೇ. ಆ ದಿನಗಳಲ್ಲಿ ‘ಅಂಥವರ’ ವಾರ್ಡಿನ ಹಾಸಿಗೆ ಬಟ್ಟೆ ಕೆಂಪು ಚೀಲದಲ್ಲಿ ಬರುತ್ತಿತ್ತು. ಮುಟ್ಟಲು ಯಾರೂ ಮುಂದೆ ಬರುತ್ತಿರಲಿಲ್ಲ, ಕೈಗವಸು ಹಾಕಿಕೊಂಡೂ ಹಿಂದೆ ಸರಿಯುತ್ತಿದ್ದರು. ನಾನು ಕೊಡಿ ಇಲ್ಲಿ ಎಂದು ತೆಗೆದುಕೊಂಡೆ. ಮೇಸ್ತ್ರಿ ಎಲ್ಲರ ಮುಂದೆ ಹೊಗಳಿದರು, ಧೈರ್ಯ ಅಂದ್ರೆ ಇದು ನೋಡ್ರಮ್ಮಾ ಅಂತ. ನನಗೆ ಒಳಗೊಳಗೇ ನಗು, ಹಿಂದೆಯೇ ಅಳು. ಆ ಕೆಲಸ ಮಾಡಿ ಮಾಡಿ ಒಂದು ಗೊತ್ತಾಯಿತು, ಎಲ್ಲರ ಹಾಸಿಗೆಯ ಕಲೆಗಳೂ ಒಂದೇ ಥರ.

ಕಾಯಿಲೆ ನಮ್ಮ ಮನೆಯೊಳಗೆ ಹೇಗೆ ಬಂತು ಎಂದು ನೀನು ಕೇಳಿಯೇ ಕೇಳುತ್ತೀಯ. ನಿನ್ನಪ್ಪ ಲಾರಿ ಡ್ರೈವರ್. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ನನ್ನಣ್ಣ, ನಿನ್ನ ಮೇಷ್ಟ್ರು ಮಾವ, ಅವರ ಆತ್ಮಕ್ಕೆ ಶಾಂತಿ ಸಿಗಲಿ, ಆ ಬಗ್ಗೆ ನಿನ್ನ ಮುಂದೆ ಎಷ್ಟೋ ಸಲ ಹಲ್ಲು ಕಡಿದದ್ದನ್ನು ನೋಡಿದ್ದೀಯ. ಅದಕ್ಕಿಂತ ಹೆಚ್ಚು ನಾನು ಏನು ಬರೆಯಲಿ.

ಇನ್ನು ಮುಂದಿನ ಮಾತು. ಮಾತ್ರೆ ತಪ್ಪಿಸದಿದ್ದರೆ ನೀನು ಎಲ್ಲರ ಹಾಗೆ ಬದುಕುತ್ತೀಯ, ಎಲ್ಲರಷ್ಟೇ ದಿನ. ಕಳೆದ ವರ್ಷದ ಪರೀಕ್ಷೆಯಲ್ಲಿ ನಿನ್ನ ರಕ್ತದಲ್ಲಿ ಮೆಷಿನ್ನಿಗೂ ಅದು ಕಾಣಿಸಿರಲಿಲ್ಲ. ಆ ಸ್ಥಿತಿಗೆ ಮತ್ತೆ ಬಂದು ಹಾಗೇ ಉಳಿದರೆ ಜೊತೆಗಾರನಿಗೆ ನಿನ್ನಿಂದ ಹರಡುವುದಿಲ್ಲ, ಔಷಧಿ ಸರಿಯಾಗಿ ತೆಗೆದುಕೊಂಡರೆ ಹುಟ್ಟುವ ಮಗುವಿಗೂ ಬಾರದಂತೆ ನೋಡಿಕೊಳ್ಳಬಹುದು. ಹೆಸರು ಹೇಳದೆ ‘ಒಬ್ಬರು ಬಂದಿದ್ರು, ಒಬ್ಬರು ಹೇಳಿದ್ರು’ ಅನ್ನುತ್ತೀಯಲ್ಲ, ಆ ಒಬ್ಬರಿಗೆ ಯಾವಾಗ ಹೇಳಬೇಕೆಂಬುದು ನಿನ್ನ ವಿವೇಕ. ಆದರೆ ಡಾಕ್ಟರು ಸರಿ ಎನ್ನುವವರೆಗೆ ಹುಷಾರಾಗಿರು. ಇಷ್ಟು ಬರೆಯುವಷ್ಟರಲ್ಲಿ ನನಗೇ ನಾಚಿಕೆಯಾಯಿತು.

ನನ್ನ ಮೇಲೆ ಸಿಟ್ಟು ಮಾಡಿಕೋ. ಮಾತು ಬಿಡು, ಆರು ತಿಂಗಳು ಮನೆಗೆ ಬರಬೇಡ, ತಡೆದುಕೊಳ್ಳುತ್ತೇನೆ. ಮಾತ್ರೆಯ ಮೇಲೆ ಮಾತ್ರ ಸಿಟ್ಟು ತೋರಿಸಬೇಡ. ನೀನು ಬದುಕಿರಬೇಕು. ನನಗೆ ಬೇರೇನೂ ಬೇಡ.

ನಿನ್ನನ್ನೇ ನೆನೆಯುತ್ತಿರುವ,
ಅಮ್ಮ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಸುಳ್ಳು ಸಾಕು ಎಂದು ಬರೆಯಲು ಕೂತವಳು ನಿನ್ನಪ್ಪನ ವಿಷಯಕ್ಕೆ ಬಂದಾಗ ಮತ್ತೆ ಸುಳ್ಳು ಬರೆದಿದ್ದೇನೆ. ಅವರ ರಕ್ತದಲ್ಲಿ ಏನೂ ಇರಲಿಲ್ಲ. ಮೂರು ಸಲ ಪರೀಕ್ಷೆ ಮಾಡಿಸಿದರು, ಮೂರು ಸಲವೂ ಇರಲಿಲ್ಲ. ಕಾಯಿಲೆ ಬಂದದ್ದು ನನಗೆ. ನಿನಗಿಂತ ಮುಂಚೆ ಹುಟ್ಟಿ ಹೋದ ಮಗುವಿನ ಹೆರಿಗೆಯಲ್ಲಿ ನನಗೆ ರಕ್ತ ಕೊಟ್ಟಿದ್ದರು, ಅದರಿಂದಲೋ, ಮದುವೆಗೆ ಮುಂಚೆ ನಾನು ಇಷ್ಟಪಟ್ಟಿದ್ದ ಒಬ್ಬರಿಂದಲೋ, ದೇವರಾಣೆ ನನಗೆ ಗೊತ್ತಿಲ್ಲ. ನಿನ್ನಪ್ಪ ಒಂದು ದಿನವೂ ಅದನ್ನು ಕೇಳಲಿಲ್ಲ.

ನನ್ನ ರಿಪೋರ್ಟು ಮಾವನ ಕೈಗೆ ಸಿಕ್ಕಿತು. ಡ್ರೈವರ್ ತಾನೇ, ಇನ್ನೇನು ಎಂದುಬಿಟ್ಟರು. ಅವನನ್ನು ಬಿಟ್ಟು ಬಂದ್ರೆ ನಿಂಗೂ ಮಗೂಗೂ ನನ್ನ ಮನೆ ಇದೆ ಎಂದರು. ಆಗ ನನಗೆ ಎದ್ದು ಕೂರಲೂ ಆಗುತ್ತಿರಲಿಲ್ಲ, ನಿನಗೆ ಉಸಿರಾಟದ ತೊಂದರೆ. ನಿನ್ನಪ್ಪ ನನ್ನ ಹಾಸಿಗೆಯ ಪಕ್ಕ ಕೂತು, ನೀನು ಸುಮ್ನಿರು, ನಿಜ ಗೊತ್ತಾದ್ರೆ ನಿಮ್ಮಣ್ಣ ಬಾಗಿಲು ಹಾಕ್ಕೋತಾರೆ, ಬೈಗುಳ ನನಗಿರಲಿ ಎಂದರು. ಆರು ತಿಂಗಳು, ನಾನು ಸುಧಾರಿಸಿಕೊಳ್ಳುವವರೆಗೆ ಮಾವನ ಮನೆಯಲ್ಲಿರುವುದು ಎಂದು ಮಾತಾಗಿತ್ತು. ನಾನು ಸುಧಾರಿಸಿಕೊಂಡೆ. ಆದರೆ ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು, ಮುಂದಿನ ವರ್ಷ ಎನ್ನುತ್ತ ಹದಿನೈದು ವರ್ಷ ಕಳೆದೆ. ಮಾವ ತೀರಿಕೊಂಡು ಎರಡು ವರ್ಷವಾದ ಮೇಲೂ ಹೇಳಲಿಲ್ಲ. ನೀನು ಹದಿಮೂರು ವರ್ಷದವಳಿದ್ದಾಗ ಶಾಲೆಯ ಹತ್ತಿರ ಬಂದ ನಿನ್ನಪ್ಪನಿಗೆ ‘ನಂಗೆ ಅಪ್ಪ ಇಲ್ಲ’ ಎಂದು ಹೇಳಿ ಬಂದೆ. ಮಾವ ಭೇಷ್ ಎಂದರು. ನಾನು ಪಾತ್ರೆ ತೊಳೆಯುತ್ತಿದ್ದೆ, ಹಾಗೇ ತೊಳೆಯುತ್ತ ಕೂತೆ.

ಭಾನುವಾರ ನಿನ್ನ ಜೊತೆ ಮಾತಾಡಿದ ಮೇಲೆ, ಎಷ್ಟೋ ವರ್ಷಗಳ ನಂತರ, ಅವರಿಗೆ ಫೋನ್ ಮಾಡಿದೆ. ಮಗು ಹೇಗಿದೆ ಎಂದಷ್ಟೇ ಕೇಳಿದರು. ಸೋಮವಾರ ನಮ್ಮ ಕೇಂದ್ರಕ್ಕೆ ತಾವೇ ಹೋಗಿ ಸಾಲಿನಲ್ಲಿ ನಿಂತು ನಿನ್ನ ಔಷಧಿ ತಂದರು. ಈಗ ಹೊರಗೆ ಜಗಲಿಯ ಮೇಲೆ ಕೂತಿದ್ದಾರೆ, ಕಾಗದ ಮುಗಿಯಲಿ ಎಂದು. ಅವರು ಇದನ್ನು ಓದಿಲ್ಲ.

ಹಾಸ್ಟೆಲಿನ ಕಾವಲಿನವರ ಕೈಯಲ್ಲಿ ಬರೀ ಕಾಗದ ಕೊಟ್ಟು ಕಳಿಸಿ, ನಿಮ್ಮ ಹೆಸರು ಹೇಳಬೇಡಿ ಎಂದು ಅವರಿಗೆ ಹೇಳಿದ್ದೇನೆ. ಹೇಳಿದರೆ ನೀನು ಓದದೆ ವಾಪಸು ಕಳಿಸುತ್ತಿದ್ದೆ. ನೀನು ಓದಿ ಮುಗಿಸುವವರೆಗೆ ಅವರು ಗೇಟಿನ ಹೊರಗೆ ನಿಂತಿರುತ್ತಾರೆ. ಮಾತ್ರೆ ಅವರ ಹತ್ತಿರವೇ ಇದೆ. ತಲೆಯೆಲ್ಲ ಬೆಳ್ಳಗಾಗಿದೆ, ನಿನಗೆ ಗುರುತು ಸಿಗಲಿಕ್ಕಿಲ್ಲ, ಅವರಾಗಿ ಮಾತಾಡಿಸುವ ಧೈರ್ಯವೂ ಅವರಿಗಿಲ್ಲ. ನೀನೇ ಹೋಗಿ ಅಪ್ಪಾ ಅನ್ನು.